ಹೆಜ್ಜೆಯ ಕರ್ತೃ ಯಾರು?

ಯಕ್ಷಗಾನದ ವೇಷಧಾರಿ ತಾಳ ಕೇಳಿಸಿದ ಮೇಲೆ ಹೆಜ್ಜೆ ಹಾಕುವುದಿಲ್ಲ. ಕೇಳಿದ ಮೇಲೆ ಕಾಲೆತ್ತಿದರೆ ಅದು ತಪ್ಪಿದ ಹೆಜ್ಜೆಯೇ. ಭಾಗವತರ ಕೈತಾಳ, ಮದ್ದಳೆಯ ಪೆಟ್ಟು, ಗೆಜ್ಜೆ ಕಟ್ಟಿದ ಪಾದ ಮೂರೂ ಒಂದೇ ಕ್ಷಣದಲ್ಲಿ ಕೂಡಬೇಕಾದರೆ ಪೆಟ್ಟು ಬೀಳುವ ಮೊದಲೇ ಕಾಲು ನೆಲದ ಕಡೆ ಹೊರಟಿರಬೇಕು. ಇನ್ನೂ ಹುಟ್ಟದ ಸದ್ದಿಗೆ ದೇಹ ಆಗಲೇ ಓಗೊಟ್ಟಿರುತ್ತದೆ. ಸೀತಾ, ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಪಕ್ಕದ ಹಂಗಾರಕಟ್ಟೆಯಲ್ಲಿ ಈ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತ ನಾರಣಪ್ಪ ಉಪ್ಪೂರರು ಪಾಠ ಹೇಳಿದ ಯಕ್ಷಗಾನ ಕಲಾಕೇಂದ್ರ ಈ ಊರಿನ ಹೆಸರನ್ನೇ ಹೊತ್ತಿದೆ. ಬಡಗುತಿಟ್ಟಿನ ಹೆಜ್ಜೆ ಕಲಿಯುವ ಮಗು ಮೊದಮೊದಲು ಬಾಯಿತಾಳ ಹೇಳಿಕೊಳ್ಳುತ್ತ, ಎಣಿಸುತ್ತ ಕಾಲಿಡುತ್ತದೆ. ತಿಂಗಳುಗಟ್ಟಲೆ ತಿದ್ದಿಸಿಕೊಂಡ ಮೇಲೆ ಎಣಿಕೆ ತಾನಾಗಿ ಬಿಟ್ಟುಹೋಗುತ್ತದೆ. ಆಮೇಲೆ ರಂಗಕ್ಕೆ ಬಂದಾಗ ಮನಸ್ಸು ಪದ್ಯದ ಅರ್ಥದ ಕಡೆ, ಎದುರು ವೇಷದ ಕಡೆ, ಸಭೆಯ ಕಡೆ ಇರುತ್ತದೆ. ಕಾಲನ್ನು ಬೇರೆ ಯಾರೋ ನೋಡಿಕೊಳ್ಳುತ್ತಿರುತ್ತಾರೆ.

ಆ ಬೇರೆ ಯಾರೋ ಕೈಬಿಟ್ಟ ಸ್ಥಿತಿಗೆ ವೈದ್ಯರು ಅಟಾಕ್ಸಿಯಾ ಎನ್ನುತ್ತಾರೆ. ಇದು ಪಾರ್ಶ್ವವಾಯು ಅಲ್ಲ. ಅಲ್ಲಿ ಕೈಕಾಲಿನ ಬಲವೇ ಹೋಗುತ್ತದೆ. ಇಲ್ಲಿ ಸ್ನಾಯುವಿಗೆ ಬಲವಿದೆ, ಮನಸ್ಸಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದೆ, ಎರಡರ ನಡುವಿನ ಹೊಂದಾಣಿಕೆ ಮಾತ್ರ ಕಳಚಿದೆ. ಪಾದಗಳನ್ನು ಅಗಲಿಸಿಕೊಂಡು ನಡೆಯಬೇಕಾಗುತ್ತದೆ, ತಿರುಗುವಾಗ ಜೋಲಿ ಹೊಡೆಯುತ್ತದೆ. ಅಂಗಿಯ ಗುಂಡಿ ಹಾಕುವುದು ದೊಡ್ಡ ಕೆಲಸವಾಗುತ್ತದೆ. ಅಕ್ಷರ ಅಂಕುಡೊಂಕಾಗುತ್ತದೆ, ಮಾತು ತುಂಡುತುಂಡಾಗಿ ಬರುತ್ತದೆ, ಕುಡಿದ ನೀರು ನೆತ್ತಿಗೇರುತ್ತದೆ. ಪರೀಕ್ಷಿಸುವ ವೈದ್ಯರು ಕೇಳುವುದು ಬಹಳ ಸಣ್ಣ ಕೆಲಸಗಳನ್ನು: ನನ್ನ ಬೆರಳು ಮುಟ್ಟಿ, ನಿಮ್ಮ ಮೂಗು ಮುಟ್ಟಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವ ಹಾಗೆ ಗೆರೆಯ ಮೇಲೆ ನಡೆಯಿರಿ, ಅಂಗೈಯನ್ನು ಬೇಗ ಬೇಗ ಮಗುಚಿ ತೋರಿಸಿ. ಶಾಲೆಗೆ ಹೋಗುವ ಮಗು ಆಟವಾಡುತ್ತ ಮಾಡುವಂಥದ್ದನ್ನು ಒಬ್ಬ ದೊಡ್ಡ ಮನುಷ್ಯ ಬೆವರುತ್ತ ಮಾಡುವುದನ್ನು ಆ ಕೋಣೆಯಲ್ಲಿ ನೋಡಬೇಕಾಗುತ್ತದೆ.

ಈ ಕಾಯಿಲೆಯ ಒಂದು ಲಕ್ಷಣ ನನ್ನನ್ನು ಬಹಳ ಕಾಡುತ್ತದೆ. ಪಾರ್ಕಿನ್ಸನ್ ಕಾಯಿಲೆಯವರ ಕೈ ಸಾಮಾನ್ಯವಾಗಿ ಸುಮ್ಮನಿದ್ದಾಗ ನಡುಗುತ್ತದೆ. ಅಟಾಕ್ಸಿಯಾ ಹೆಚ್ಚಾಗಿ ಬರುವುದು ಕಿರುಮೆದುಳಿಗೆ ಪೆಟ್ಟಾದಾಗ. ಅಂಥವರ ಕೈ ತೊಡೆಯ ಮೇಲೆ ಶಾಂತವಾಗಿ ಇರುತ್ತದೆ. ಲೋಟ ಹಿಡಿದು ಎತ್ತಿದಾಗ ನಡುಕ ಶುರುವಾಗುತ್ತದೆ, ತುಟಿಯ ಹತ್ತಿರ ಬಂದಷ್ಟೂ ಹೆಚ್ಚುತ್ತದೆ. ಗುರಿ ಇಲ್ಲದಿದ್ದರೆ ತೊಂದರೆ ಇಲ್ಲ, ಗುರಿ ಹತ್ತಿರವಾದ ಹಾಗೆ ಕಷ್ಟ. ಇದಕ್ಕೆ ಕಾರಣ ಸಮಯದಲ್ಲಿದೆ. ಕೈ ಈಗ ಎಲ್ಲಿದೆ ಎಂಬ ಸುದ್ದಿ ನರದ ದಾರಿಯಲ್ಲಿ ಮೆದುಳಿಗೆ ಹೋಗಿ, ಅಲ್ಲಿಂದ ತಿದ್ದುಪಡಿ ಮರಳಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ತುಸು ಹೆಚ್ಚೋ ಕಳೆದಿರುತ್ತದೆ. ಅಷ್ಟರಲ್ಲಿ ಕೈ ಮುಂದೆ ಸರಿದಿರುತ್ತದೆ. ನಿನ್ನೆಯ ಹವೆಯ ಸುದ್ದಿ ಓದಿಕೊಂಡು ಇವತ್ತು ಕಡಲಿಗಿಳಿದ ಹಾಗೆ. ತಿದ್ದುಪಡಿ ಮಿತಿ ಮೀರುತ್ತದೆ, ಅದನ್ನು ತಿದ್ದಲು ಹೋದದ್ದೂ ಮಿತಿ ಮೀರುತ್ತದೆ, ಕೈ ಈ ಕಡೆ ಆ ಕಡೆ ಹೊಯ್ದಾಡುತ್ತದೆ. ಆರೋಗ್ಯವಂತರಲ್ಲಿ ಈ ತಡ ಇಲ್ಲವೆಂದಲ್ಲ. ಅದೇ ನರ, ಅದೇ ವೇಗ. ಆದರೆ ಕೈ ಇನ್ನೊಂದು ಕ್ಷಣಕ್ಕೆ ಎಲ್ಲಿರುತ್ತದೆ ಎಂದು ಕಿರುಮೆದುಳು ಮೊದಲೇ ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಕೆಲಸ ನಡೆಸುತ್ತದೆ. ನಾವು 'ಈಗ' ಎಂದು ಬದುಕುತ್ತಿರುವುದರಲ್ಲಿ ಒಂದು ಪಾಲು ಹೀಗೆ ಮುಂಗಂಡ ನಾಳೆ. ಅಟಾಕ್ಸಿಯಾ ಇರುವವರಿಗೆ ಆ ಮುಂಗಾಣ್ಕೆ ಮಸುಕಾಗಿದೆ. ಅವರ ದೇಹ ಕಳೆದುಹೋದ ಕ್ಷಣವನ್ನು ತಿದ್ದುತ್ತ ಇರುತ್ತದೆ.

ಕಿರುಮೆದುಳು ತಲೆಯ ಹಿಂಭಾಗದಲ್ಲಿ, ಕತ್ತಿಗೆ ಸಮೀಪದಲ್ಲಿದೆ. ಗಾತ್ರದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಪಾಲು. ಆದರೆ 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿ ತೋರಿಸಿದ ಪ್ರಕಾರ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಈ ಸಣ್ಣ ಭಾಗದಲ್ಲೇ. ಜೆಕ್ ವಿಜ್ಞಾನಿ ಪುರ್ಕಿಂಜೆ 1837ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ದೊಡ್ಡ ಕೋಶಗಳು ಇಲ್ಲಿವೆ. ಒಂದೊಂದು ಪುರ್ಕಿಂಜೆ ಕೋಶಕ್ಕೂ ಲಕ್ಷಕ್ಕೂ ಮೀರಿದ ಎಳೆಗಳಿಂದ ಸುದ್ದಿ ಬಂದು ಸೇರುತ್ತದೆ: ಕಾಲು ಎಲ್ಲಿದೆ, ಕತ್ತು ಎತ್ತ ವಾಲಿದೆ, ಕಣ್ಣು ಏನು ಕಂಡಿತು, ಮೇಲಿನ ಮೆದುಳು ಏನು ಬಯಸಿತು. ಇವೆಲ್ಲದರ ಜೊತೆಗೆ ಬೇರೊಂದು ಕಡೆಯಿಂದ ಒಂದೇ ಒಂದು ಬಲವಾದ ಎಳೆಯೂ ಬಂದು ಅದನ್ನು ತಬ್ಬಿಕೊಂಡಿರುತ್ತದೆ. ಆ ಒಂಟಿ ಎಳೆ ತರುವುದು ತಪ್ಪಿನ ಸುದ್ದಿ ಎಂದು ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ ಬೇರೆಬೇರೆಯಾಗಿ ಕಟ್ಟಿದ ಸಿದ್ಧಾಂತ ಇಂದಿಗೂ ಚರ್ಚೆಯಲ್ಲಿದೆ. ಲಕ್ಷ ಎಳೆಗಳು ಸಂದರ್ಭವನ್ನು ಹೇಳುತ್ತವೆ, ಒಂದು ಎಳೆ ತಿದ್ದುತ್ತದೆ. ಕಲಾಕೇಂದ್ರದಲ್ಲಿ ಗುರು ಮಾಡುವುದೂ ಅಷ್ಟೇ ಅಲ್ಲವೆ? ಹೆಜ್ಜೆಯನ್ನು ಗುರು ಶಿಷ್ಯನ ಕಾಲೊಳಗೆ ತುಂಬಲಾರರು. ತಪ್ಪಿದಾಗ ನಿಲ್ಲಿಸುತ್ತಾರೆ. ಮತ್ತೆ ಹಾಕಿಸುತ್ತಾರೆ. ಕಲಿತದ್ದು ಶಿಷ್ಯನ ದೇಹ.

ಕಡಲಿನವರಿಗೆ ಇದರ ಇನ್ನೊಂದು ಮುಖ ಗೊತ್ತು. ಆಳಸಮುದ್ರ ಮೀನುಗಾರಿಕೆಯ ಬೋಟುಗಳಲ್ಲಿ ದಿನಗಟ್ಟಲೆ ಇದ್ದು ದಡಕ್ಕಿಳಿದ ಮೇಲೂ ನೆಲ ತೂಗಿದಂತೆ ಅನಿಸುತ್ತದೆ. ಬೋಟಿನ ಓಲಾಟವನ್ನು ಮೊದಲೇ ಊಹಿಸಿ ಮೈಯನ್ನು ಹೊಂದಿಸಿಕೊಳ್ಳಲು ಮೆದುಳು ಕಲಿತುಬಿಟ್ಟಿದೆ. ದಡ ಓಲಾಡದಿದ್ದರೂ ಊಹೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಬೀಸುಬಲೆ ಹಾಕುವವರ ಕೈ ನೋಡಿ. ಬಲೆಯ ಒಂದು ಭಾಗ ಮೊಣಕೈಯ ಮೇಲೆ, ಒಂದು ಅಂಚು ಹಲ್ಲಿನಲ್ಲಿ, ಉಳಿದದ್ದು ಬೆರಳುಗಳಲ್ಲಿ. ಸೊಂಟ ತಿರುಗುತ್ತದೆ, ಹೆಗಲು ಹಿಂಬಾಲಿಸುತ್ತದೆ, ಮಣಿಕಟ್ಟು ಬಿಡುತ್ತದೆ, ಹಲ್ಲು ತಕ್ಕ ಹೊತ್ತಿಗೆ ಸಡಿಲುತ್ತದೆ, ಬಲೆ ವೃತ್ತವಾಗಿ ಹರಡಿ ನೀರಿಗೆ ಬೀಳುತ್ತದೆ. ಮೈಯ ಒಂದು ಕೀಲು ಒಂದು ಕ್ಷಣ ತಡವಾದರೂ ಬಲೆ ಮುದ್ದೆಯಾಗಿಯೇ ಬೀಳುತ್ತದೆ. ಕಿರುಮೆದುಳಿನ ಕಾಯಿಲೆಯಲ್ಲಿ ನಡೆಯುವುದು ಇದೇ. ಕೂಡಿ ನಡೆಯಬೇಕಾದ ಕೀಲುಗಳು ಒಂದಾದ ಮೇಲೊಂದರಂತೆ ಬಿಡಿಬಿಡಿಯಾಗಿ ಕದಲುತ್ತವೆ. ಹೆಗಲು ಮುಗಿಸಿದ ಮೇಲೆ ಮೊಣಕೈ, ಮೊಣಕೈ ಮುಗಿದ ಮೇಲೆ ಮಣಿಕಟ್ಟು.

ಇದನ್ನೆಲ್ಲ ಮೊದಲು ಎಚ್ಚರಿಕೆಯಿಂದ ಬರೆದಿಟ್ಟವರಲ್ಲಿ ಐರ್ಲೆಂಡ್ ಮೂಲದ ವೈದ್ಯ ಗಾರ್ಡನ್ ಹೋಮ್ಸ್ ಮುಖ್ಯರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿದ್ದ ಅವರ ಬಳಿಗೆ ತಲೆಯ ಹಿಂಭಾಗಕ್ಕೆ ಗುಂಡೇಟು ಬಿದ್ದ ಸೈನಿಕರು ಬರುತ್ತಿದ್ದರು. ಒಂದೇ ಬದಿಗೆ ಗಾಯವಾದವರಲ್ಲಿ ಆ ಬದಿಯ ಕೈಕಾಲು ಮಾತ್ರ ಕೆಟ್ಟು, ಇನ್ನೊಂದು ಬದಿ ಸರಿಯಾಗಿರುತ್ತಿತ್ತು. ಒಂದೇ ದೇಹದಲ್ಲಿ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಅವರು 1917ರಲ್ಲಿ ಈ ಕುರಿತು ಬರೆದರು, 1939ರಲ್ಲಿ ಮತ್ತೆ ಅದೇ ವಿಷಯಕ್ಕೆ ಮರಳಿದರು. ಅವರ ರೋಗಿಯೊಬ್ಬ ತನ್ನ ಸ್ಥಿತಿಯನ್ನು ಹೇಳಿಕೊಂಡ ರೀತಿ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧ. ಎಡಗೈ ತನಗೆ ತಿಳಿಯದೆಯೇ ಕೆಲಸ ಮಾಡುತ್ತದೆ, ಕೆಟ್ಟ ಬಲಗೈಯ ಒಂದೊಂದು ಚಲನೆಯನ್ನೂ ತಾನು ಯೋಚಿಸಿ ಮಾಡಬೇಕು, ತಿರುಗುವಲ್ಲಿ ಪೂರ್ತಿ ನಿಂತು ಮತ್ತೆ ಯೋಚಿಸಿ ಹೊರಡಬೇಕು ಎಂದು ಆತ ಹೇಳಿದ.

ಆ ಸೈನಿಕನ ಎರಡು ಕೈಗಳಲ್ಲಿ ಯಾವುದು ಹೆಚ್ಚು ಅವನದು? ನಾವು ಸಾಮಾನ್ಯವಾಗಿ ಯೋಚಿಸಿ ಮಾಡಿದ್ದನ್ನು ನಮ್ಮ ಕೃತಿ ಎನ್ನುತ್ತೇವೆ, ತಿಳಿಯದೆ ಆದದ್ದನ್ನು ಹಾಗೆನ್ನುವುದಿಲ್ಲ. ಆ ಲೆಕ್ಕದಲ್ಲಿ ತೊಡರುವ ಬಲಗೈಯೇ ಅವನದು, ಸಲೀಸಾಗಿ ಓಡಾಡುವ ಎಡಗೈ ಅವನದಲ್ಲ. ಆದರೆ ಅವನ ಮಾತು ಕೇಳಿದರೆ ಪರಕೀಯವಾಗಿರುವುದು ಬಲಗೈ ಎನಿಸುತ್ತದೆ. ನಮ್ಮದು ಎಂಬ ಭಾವ ಹಿಡಿತದಿಂದ ಹುಟ್ಟುತ್ತದೆ ಎಂದುಕೊಂಡಿದ್ದೇವೆ. ನಿಜವಾಗಿ ಅದು ಹಿಡಿಯದೇ ಇರಲು ಸಾಧ್ಯವಾದಾಗ ಹುಟ್ಟುತ್ತದೆ. ನಡೆಯುವುದನ್ನು ಮರೆತು ನಡೆಯಬಲ್ಲವರಿಗೆ ಕಾಲು ತಮ್ಮದು.

ಕರ್ತೃ ಯಾರು ಎಂಬ ಪ್ರಶ್ನೆ ಈ ಸೀಮೆಗೆ ಹಳೆಯದು. ಹಂಗಾರಕಟ್ಟೆಯಿಂದ ತೆಂಕಕ್ಕೆ ಉಡುಪಿ, ಅದರಾಚೆ ಪಾಜಕ. ಅಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೇ ಶತಮಾನದಲ್ಲಿ ಇರುವುದೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ಅವರ ದರ್ಶನದಲ್ಲಿ ಜೀವ ಕರ್ತೃ ಹೌದು, ಆದರೆ ಅವನ ಕರ್ತೃತ್ವ ಪರಾಧೀನ. ಗೀತೆಯ ಹದಿನೆಂಟನೇ ಅಧ್ಯಾಯವೂ ಒಂದು ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ದೇಹವೆಂಬ ನೆಲೆ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ದೈವ. ಕರ್ತೃ ಐದರಲ್ಲಿ ಒಬ್ಬ. ಆಚಾರ್ಯರು ಹೇಳಿದ್ದು ಭಗವಂತನ ಅಧೀನತೆಯನ್ನು, ನರಕೋಶಗಳದ್ದನ್ನಲ್ಲ. ಎರಡನ್ನೂ ಬೆರೆಸಿ, ಹಿಂದಿನವರಿಗೆ ಕಿರುಮೆದುಳು ಗೊತ್ತಿತ್ತು ಎಂದು ಹೇಳಹೊರಟರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ. ಆದರೂ ನನ್ನ ಹೆಜ್ಜೆ ನಾನೊಬ್ಬನೇ ಹಾಕಿದ್ದು ಎಂಬ ನಂಬಿಕೆ ನಿಲ್ಲುವುದಿಲ್ಲ ಎಂಬ ಮಟ್ಟಿಗೆ ಎರಡೂ ಮಾತು ಒಂದು ಕಡೆ ಸೇರುತ್ತವೆ. ನೆಟ್ಟಗೆ ನಡೆದುಹೋದದ್ದಕ್ಕೆ ನಾನು ಹೆಮ್ಮೆ ಪಡುವಂತಿಲ್ಲ. ಹಾಗಾದರೆ ಜೋಲಿ ಹೊಡೆದವರು ನಾಚಿಕೆ ಪಡಬೇಕಾದ್ದೂ ಇಲ್ಲ. ಮನುಷ್ಯನ ಪಾಲಿಗೆ ಸಂದಿರುವುದು ಪ್ರಯತ್ನ. ಆ ಪ್ರಯತ್ನದಿಂದ ಅಳೆದರೆ, ಗೋಡೆ ಹಿಡಿದು ಅಂಗಳ ದಾಟುವ ಅಟಾಕ್ಸಿಯಾದ ಮನುಷ್ಯ ಆ ದಿನ ನಮ್ಮೆಲ್ಲರಿಗಿಂತ ಹೆಚ್ಚು ನಡೆದಿರುತ್ತಾನೆ.

ಊರು ಹಾಗೆ ಅಳೆಯುವುದಿಲ್ಲ. ಹಗಲು ಹೊತ್ತಿನಲ್ಲಿ ಪೇಟೆಯಲ್ಲಿ ಒಬ್ಬ ಓಲಾಡುತ್ತ ಬಂದರೆ, ಮಾತು ತೊದಲಿದರೆ, 'ಟೈಟಾಗಿದ್ದಾನೆ' ಎಂಬ ತೀರ್ಮಾನ ಅಂಗಡಿಯ ಬಾಗಿಲಲ್ಲೇ ಆಗಿಹೋಗುತ್ತದೆ. ಈ ತಪ್ಪಿಗೆ ಒಂದು ಕಾರಣವೂ ಇದೆ. ಮದ್ಯ ಹೊಡೆಯುವುದು ಇದೇ ಕಿರುಮೆದುಳಿಗೆ, ಹಾಗಾಗಿ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಹೆಣ್ಣಾದರೆ ಇನ್ನೂ ಕೆಟ್ಟ ಮಾತು ಕೇಳಬೇಕು. ಎಷ್ಟೋ ಜನ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಕಾಲಿಗಿಂತ ಮೊದಲು ಕಣ್ಣುಗಳು ಅವರನ್ನು ಕಟ್ಟಿಹಾಕುತ್ತವೆ. ಇದೇ ಕರಾವಳಿಯಲ್ಲಿ, ನಾಗದರ್ಶನದ ರಾತ್ರಿ ನಾಗನ ಆವೇಶ ಬರುವ ಪಾತ್ರಿಯ ಮೈ ನಡುಗಿದಾಗ ಸಾವಿರ ಜನ ಕೈಮುಗಿದು ನಿಲ್ಲುತ್ತೇವೆ. ಅವನ ಇಚ್ಛೆಯನ್ನು ಮೀರಿದ ಏನೋ ಅವನ ಮೈಯನ್ನು ನಡೆಸುತ್ತಿದೆ ಎಂದು ನಂಬಲು ನಮಗೆ ಕಷ್ಟವಾಗುವುದಿಲ್ಲ. ನಡುಗುವ ದೇಹದೊಳಗೆ ಗೌರವಕ್ಕೆ ಅರ್ಹವಾದದ್ದು ಇರಬಹುದು ಎಂಬ ತಿಳಿವಳಿಕೆ ನಮ್ಮಲ್ಲಿ ಇದೆ. ಅದನ್ನು ಹಗಲಿಗೂ ತರಬಾರದೆ?

ಅಟಾಕ್ಸಿಯಾ ಬಂದವರ ಮನೆಯವರು ಮೊದಲು ಹೋಗುವುದು ಜ್ಯೋತಿಷಿಯ ಬಳಿ ಪ್ರಶ್ನೆ ಕೇಳಲು. ನಾಗನ ದೋಷವೋ, ದೈವದ ಉಪದ್ರವೋ ಎಂದು ತಿಳಿಯುವ ತವಕ ನನಗೆ ಅರ್ಥವಾಗುತ್ತದೆ. 'ಯಾಕೆ' ಎಂಬುದಕ್ಕೆ ಉತ್ತರವಿಲ್ಲದೆ ಬದುಕುವುದು ಸುಲಭವಲ್ಲ. ಆದರೆ ಅಷ್ಟರಲ್ಲಿ ಸಮಯ ಹೋಗುತ್ತದೆ, ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ. ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ತಲೆ ತಿರುಗಿ, ವಾಂತಿಯಾಗಿ, ನಿಲ್ಲಲಾರದೆ ಹೋದರೆ ಕಿರುಮೆದುಳಿನ ರಕ್ತನಾಳ ಕಟ್ಟಿರಬಹುದು ಅಥವಾ ಒಡೆದಿರಬಹುದು. ಗ್ಯಾಸ್ ಆಗಿರಬೇಕು, ಪಿತ್ತ ಕೆದರಿರಬೇಕು ಎಂದು ಮಲಗಿಸಬಾರದು. ಹಂಗಾರಕಟ್ಟೆಯಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ದೂರವೇನಲ್ಲ, ಆ ಗಂಟೆಯಲ್ಲೇ ಹೋಗಬೇಕು. ನಿಧಾನವಾಗಿ ಬಂದ ಅಟಾಕ್ಸಿಯಾದಲ್ಲೂ ಸರಿಪಡಿಸಬಹುದಾದ ಕಾರಣಗಳಿವೆ. ಬಿ12 ಅಥವಾ ಇ ಜೀವಸತ್ವದ ಕೊರತೆ, ಥೈರಾಯ್ಡ್ ಕುಗ್ಗಿರುವುದು, ಅಪಸ್ಮಾರಕ್ಕೆ ಕೊಡುವ ಫೆನಿಟೊಯಿನ್ ಮಾತ್ರೆಯ ಪ್ರಮಾಣ ಮೀರಿರುವುದು, ವರ್ಷಗಟ್ಟಲೆಯ ಕುಡಿತ, ಗೆಡ್ಡೆ. ಇವುಗಳಲ್ಲಿ ಒಂದನ್ನೂ ನೋಡದೆ ಹಣೆಬರಹ ಎನ್ನುವುದು ತಪ್ಪು.

ಹಣೆಬರಹ ಎಂದರೆ ನಿಜಕ್ಕೂ ಬರಹವೇ ಆಗಿರುವ ಅಟಾಕ್ಸಿಯಾಗಳೂ ಇವೆ. ಜರ್ಮನಿಯ ಹೈಡೆಲ್‌ಬರ್ಗಿನ ನಿಕೊಲಾಸ್ ಫ್ರೀಡ್ರೈಖ್ 1863ರಲ್ಲಿ ವಿವರಿಸಿದ ಬಗೆ ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಶುರುವಾಗುತ್ತದೆ. ವಂಶವಾಹಿಯಲ್ಲಿ ಜಿಎಎ ಎಂಬ ಮೂರಕ್ಷರ ಕೆಲವೇ ಸಲ ಬರಬೇಕಾದಲ್ಲಿ ನೂರಾರು ಸಲ ಬಂದಿರುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಇದು ಬರಲು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಸಿಗಬೇಕು. ಸೋದರಮಾವನ ಜೊತೆಗಿನ ಮದುವೆ, ಅತ್ತೆಮಗಳ ಮದುವೆಯಂಥ ಒಳಸಂಬಂಧಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ಹಾಗಾಗಿ. ಅಮೆರಿಕದಲ್ಲಿ 2023ರಲ್ಲಿ ಒಮವೆಲಾಕ್ಸೊಲೋನ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಈ ಕಾಯಿಲೆಗೆಂದೇ ಒಪ್ಪಿದ ಮೊದಲ ಔಷಧ ಅದು, ಗುಣಪಡಿಸುವುದಿಲ್ಲ, ನಿಧಾನಗೊಳಿಸುತ್ತದೆ. ಇನ್ನೊಂದು ಗುಂಪಿಗೆ ಎಸ್‌ಸಿಎ ಎಂದು ಹೆಸರು. ಅದರಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಲೆಮಾರು ದಾಟಿದ ಹಾಗೆ ಅಕ್ಷರಗಳ ಪುನರಾವರ್ತನೆ ಬೆಳೆಯಬಹುದು, ಬೆಳೆದರೆ ಕಾಯಿಲೆ ಇನ್ನೂ ಚಿಕ್ಕ ವಯಸ್ಸಿಗೇ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ವಂಶವಾಹಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಇದೆ.

ಅಪ್ಪ ನಲವತ್ತರಲ್ಲಿ ತೊಡರಿದ್ದನ್ನು ನೋಡುತ್ತ ಬೆಳೆದ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಪರೀಕ್ಷೆ ಮಾಡಿಸಿಕೊಳ್ಳಬೇಕೆ? ರೋಗಲಕ್ಷಣವಿಲ್ಲದ ಚಿಕ್ಕ ಮಕ್ಕಳಿಗೆ ಈ ಪರೀಕ್ಷೆ ಮಾಡಬಾರದೆಂಬುದು ವೈದ್ಯರು ಪಾಲಿಸುವ ರೀತಿ, ದೊಡ್ಡವರಿಗೆ ಮೊದಲು ಮಾತುಕತೆ, ಆಮೇಲೆ ರಕ್ತ. ಗೊತ್ತಾದರೆ ಮದುವೆ, ಮಕ್ಕಳು, ಕೆಲಸ ಎಲ್ಲದಕ್ಕೂ ಬೇರೆ ಬಣ್ಣ ಬರುತ್ತದೆ. ಗೊತ್ತಾಗದಿದ್ದರೆ ಮೆಟ್ಟಿಲಲ್ಲಿ ಒಂದು ಸಲ ಕಾಲು ಜಾರಿದಾಗಲೂ ಎದೆ ಝಲ್ಲೆನ್ನುತ್ತದೆ. ಮುಂಗಾಣ್ಕೆಯೇ ಚಲನೆಯ ಜೀವಾಳ ಎಂದು ಮೇಲೆ ಬರೆದೆ. ಬದುಕಿನ ನಡೆಗೆ ಎಷ್ಟು ಮುಂಗಾಣ್ಕೆ ಬೇಕು ಎಂಬುದನ್ನು ಮಾತ್ರ ಆ ಮಗಳೇ ಹೇಳಬೇಕು. ಸಂಬಂಧಿಕರಾಗಲಿ ಗಂಡಿನ ಮನೆಯವರಾಗಲಿ ಅವಳ ಪರವಾಗಿ ತೀರ್ಮಾನಿಸುವ ಹಕ್ಕು ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾಯಿಲೆ ವಾಸಿಯಾಗದಿದ್ದರೂ ಅಭ್ಯಾಸಕ್ಕೆ ಫಲವಿದೆ. ಕಿರುಮೆದುಳು ಸವೆಯುತ್ತಿರುವವರಿಗೆ ನಾಲ್ಕು ವಾರ ತೀವ್ರವಾದ ಸಮತೋಲನ ವ್ಯಾಯಾಮ ಮಾಡಿಸಿದಾಗ ನಡಿಗೆ ಗಮನಾರ್ಹವಾಗಿ ಸುಧಾರಿಸಿತು ಎಂದು ಜರ್ಮನಿಯ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಕಲಿಸುವ ಅಂಗವೇ ಕೆಟ್ಟಿದ್ದರೂ ಕಲಿಕೆ ಪೂರ್ತಿ ನಿಲ್ಲುವುದಿಲ್ಲ. ಇಯಾನ್ ವಾಟರ್‌ಮನ್ ಎಂಬ ಇಂಗ್ಲಿಷ್ ಮನುಷ್ಯನ ಕಥೆ ಇನ್ನೂ ದೊಡ್ಡದು. 1971ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಜ್ವರದ ನಂತರ ಕತ್ತಿನಿಂದ ಕೆಳಗೆ ತನ್ನ ಮೈ ಎಲ್ಲಿದೆ ಎಂಬ ಅರಿವೇ ಅವರಿಗೆ ಹೋಯಿತು. ಅವರ ಕಿರುಮೆದುಳು ಸರಿಯಾಗಿತ್ತು, ಅದಕ್ಕೆ ಸುದ್ದಿ ತರುವ ನರಗಳು ಸತ್ತಿದ್ದವು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ, ಆದರೂ ಎದ್ದು ಕೂರಲಾಗಲಿಲ್ಲ. ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡಿ, ಯೋಚಿಸಿ, ಆಜ್ಞೆ ಕೊಟ್ಟು ಅವರು ಮತ್ತೆ ನಡೆಯಲು ಕಲಿತರು. ದೀಪ ಹೋದರೆ ಬೀಳುತ್ತಿದ್ದರು. ಬಾಯಿತಾಳ ಹೇಳಿ ಎಣಿಸಿ ಕಾಲಿಡುವ ಮೊದಲ ಪಾಠದಲ್ಲೇ ಇಡೀ ಜೀವಮಾನ ಕಳೆಯುವುದು ಎಂದರೆ ಇದು.

ಹತ್ತಿರದವರು ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಜೆಕಾ ಮತ್ತು ಲಾಕ್ನರ್ 1994ರಲ್ಲಿ ಆರೋಗ್ಯವಂತರನ್ನು ಕಷ್ಟದ ಭಂಗಿಯಲ್ಲಿ ನಿಲ್ಲಿಸಿ, ಬೆರಳ ತುದಿಯಿಂದ ಒಂದು ಕಂಬಿಯನ್ನು ಸುಮ್ಮನೆ ಸೋಕಿಸಲು ಹೇಳಿದರು. ಒತ್ತುವ ಭಾರ ನೂರು ಗ್ರಾಂ ಒಳಗೆ, ದೇಹವನ್ನು ಹೊರಲು ಅದು ಏನೇನೂ ಸಾಲದು. ಆದರೂ ಓಲಾಟ ಬಹಳ ಕಡಿಮೆಯಾಯಿತು. ಬೆರಳಿಗೆ ಸಿಕ್ಕಿದ್ದು ಆಸರೆ ಅಲ್ಲ, ನಾನು ಎಲ್ಲಿದ್ದೇನೆ ಎಂಬ ಸುದ್ದಿ. ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ದಾಟುವ ಬಾರ್ಜಿಗೆ ಅಟಾಕ್ಸಿಯಾ ಇರುವವರನ್ನು ಹತ್ತಿಸುವಾಗ ನಾವು ಸಾಮಾನ್ಯವಾಗಿ ರಟ್ಟೆ ಹಿಡಿದು ಎಳೆಯುತ್ತೇವೆ. ಎಳೆದರೆ ಅವರು ಹಾಕಿಕೊಂಡ ಲೆಕ್ಕವೆಲ್ಲ ತಪ್ಪುತ್ತದೆ. ಯಾವ ಬದಿಗೆ ನಿಲ್ಲಲಿ ಎಂದು ಅವರನ್ನೇ ಕೇಳಿ, ನಮ್ಮ ಮುಂಗೈಯನ್ನು ಅಲುಗಿಸದೆ ಚಾಚಿ ನಿಲ್ಲಬೇಕು. ಹಿಡಿಯುವುದೋ ಬರಿದೇ ಸೋಕಿಸುವುದೋ ಅವರೇ ನೋಡಿಕೊಳ್ಳುತ್ತಾರೆ. ಹೆಜ್ಜೆ ಇಡುವಾಗ ಅವರನ್ನು ಮಾತಿಗೆಳೆಯಬಾರದು, ಒಂದೇ ಹೊತ್ತಿಗೆ ಮಾತಿಗೂ ಕಾಲಿಗೂ ಗಮನ ಕೊಡುವುದು ಅವರಿಗೆ ತ್ರಾಸ. ಅವರಾಗಿಯೇ ಏನಾದರೂ ಹೇಳಲು ಶುರುಮಾಡಿದರೆ ನಾವೂ ನಿಂತು, ಮಾತು ಮುಗಿಯುವ ತನಕ ಕೇಳಿ, ಆಮೇಲೆ ಮುಂದಿನ ಹೆಜ್ಜೆಗೆ ಹೊರಡುವುದು.